ಕರೆಂಟ್ ಮರಳಿ ಬಂದ ಗಳಿಗೆ: ಉಡುಪಿಯ ಒಂದು ಮರಗೆಲಸದ ಶೆಡ್ಡಿನಲ್ಲಿ ನಡೆದ ಅವಘಡದ ಪ್ರಕರಣ ಅಧ್ಯಯನ

ಉಡುಪಿಯಿಂದ ಕಟಪಾಡಿ ದಾಟಿ ಕಾಪುವಿನ ಕಡೆಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಒಂದು ಮರಗೆಲಸದ ಶೆಡ್ಡಿನಲ್ಲಿ, ಆಗಸ್ಟ್ ಮೊದಲ ವಾರದ ಒಂದು ಸಂಜೆ, ಇಪ್ಪತ್ತನಾಲ್ಕು ವರ್ಷದ ಯುವಕನೊಬ್ಬ ತನ್ನ ಎಡಗೈಯ ತೋರುಬೆರಳಿನ ತುದಿಯನ್ನು ಕಳೆದುಕೊಂಡನು. ಅದೇ ಕೈಯ ನಡುಬೆರಳಿನ ಸ್ನಾಯುರಜ್ಜು ಕಡಿದುಹೋಯಿತು. ಆಗ ಅವನು ಮರ ಕೊಯ್ಯುತ್ತಿರಲಿಲ್ಲ, ಯಂತ್ರವೂ ತಿರುಗುತ್ತಿರಲಿಲ್ಲ. ಕರೆಂಟ್ ಹೋಗಿ ಹತ್ತು ನಿಮಿಷ ಕಳೆದಿತ್ತು. ಈ ಒಂದು ಸಂಗತಿಯೇ ಇಷ್ಟು ವಿವರವಾಗಿ ಬರೆಯುವಂತೆ ನನ್ನನ್ನು ಒತ್ತಾಯಿಸಿದೆ.

ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಬಹಳ ವರ್ಷ ಕಲಿಸಿ ನಿವೃತ್ತನಾದ ನಾನು, ಶೆಡ್ಡಿನ ಮಾಲೀಕರ ಕೋರಿಕೆಯಂತೆ ಘಟನೆ ನಡೆದ ಐದನೆಯ ದಿನ ಅಲ್ಲಿಗೆ ಹೋಗಿದ್ದೆ. ಆಮೇಲೆ ಮೂರು ಬಾರಿ ಹೋಗಿ, ಅಲ್ಲಿದ್ದವರೆಲ್ಲರ ಜೊತೆ ಬೇರೆಬೇರೆಯಾಗಿ ಮಾತನಾಡಿ, ಯಂತ್ರವನ್ನೂ ಹಲಗೆಯನ್ನೂ ಕಣ್ಣಾರೆ ನೋಡಿ ಬರೆದಿಟ್ಟುಕೊಂಡ ಟಿಪ್ಪಣಿಗಳಿಂದ ಈ ವರದಿಯನ್ನು ಸಿದ್ಧಪಡಿಸಿದ್ದೇನೆ. ಹೆಸರುಗಳನ್ನು ಹೇಳಬಾರದೆಂಬ ಷರತ್ತಿನ ಮೇಲೆ ಅವರು ಒಪ್ಪಿಗೆ ಕೊಟ್ಟಿದ್ದಾರೆ.

ಶೆಡ್ಡು ಮತ್ತು ಅಲ್ಲಿನ ಜನ

ಮಾಲೀಕರು ಐವತ್ತೆಂಟು ವರ್ಷದ ಆಚಾರ್ಯರು. ತಂದೆಯ ಕಾಲದಿಂದಲೂ ದಾರಂದ (ಬಾಗಿಲಿನ ಚೌಕಟ್ಟು), ಬಾಗಿಲು, ಕಿಟಕಿ, ಮಂಟಪದ ಕೆಲಸ ಮಾಡಿಕೊಂಡು ಬಂದ ಮನೆತನ ಅವರದು. ಗಾಯಗೊಂಡವನು ಅವರ ತಂಗಿಯ ಮಗ. ಹದಿನೇಳನೆಯ ವಯಸ್ಸಿನಿಂದ ಮಾವನ ಜೊತೆಯಲ್ಲೇ ಕೆಲಸ ಕಲಿತವನು, ಅಂದರೆ ಏಳು ವರ್ಷದ ಅನುಭವಿ. ಇವರಲ್ಲದೆ ಪಾಲಿಶ್ ಕೆಲಸದ ಒಬ್ಬರು, ಇತ್ತೀಚೆಗೆ ಸೇರಿದ ಹದಿನೆಂಟರ ಹುಡುಗನೊಬ್ಬ, ಒಟ್ಟು ನಾಲ್ಕು ಮಂದಿ. ‘ಹೊಸಬನಾಗಿದ್ದ, ಗೊತ್ತಿರಲಿಲ್ಲ’ ಎನ್ನುವ ಸುಲಭದ ವಿವರಣೆ ಇಲ್ಲಿ ಅನ್ವಯಿಸುವುದಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಶೆಡ್ಡು ಮೂರು ಕಡೆ ಕೆಂಪುಕಲ್ಲಿನ ಗೋಡೆ, ಒಂದು ಕಡೆ ತೆರೆದಿರುವ ಅಂಗಳ, ಮೇಲೆ ಶೀಟು. ಆಟಿಯ (ಜುಲೈ–ಆಗಸ್ಟ್ ನಡುವಿನ ತುಳು ತಿಂಗಳು) ಮಳೆ ಗಾಳಿಯ ಜೊತೆ ಓರೆಯಾಗಿ ಹೊಡೆದಾಗ ತೆರೆದ ಕಡೆಯಿಂದ ಎರಡು ಮೂರು ಅಡಿ ಒಳಗಿನವರೆಗೆ ಎರಚಲು ಬರುತ್ತದೆ. ಹಿಂದೊಮ್ಮೆ ನೆಲದ ಮೇಲಿದ್ದ ಎಕ್ಸ್‌ಟೆನ್ಶನ್ ಬಾಕ್ಸಿಗೆ ನೀರು ತಗಲಿ ಪಾಲಿಶ್ ಕೆಲಸದವರಿಗೆ ಶಾಕ್ ಹೊಡೆದ ಮೇಲೆ, ಆಚಾರ್ಯರು ಎಲೆಕ್ಟ್ರಿಷಿಯನ್‌ನನ್ನು ಕರೆಸಿ, 30 ಮಿಲಿಆಂಪಿಯರಿನ ಸೋರಿಕೆಗೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಹಾಕಿಸಿ, ಪ್ಲಗ್ಗಿನ ಬೋರ್ಡನ್ನು ಒಳಗೋಡೆಯ ಮೇಲೆ ಆಳೆತ್ತರಕ್ಕಿಂತ ಎತ್ತರದಲ್ಲಿ ಕೂರಿಸಿದ್ದರು. ಈ ಬೋರ್ಡಿನ ವಿಷಯಕ್ಕೆ ಮುಂದೆ ಮರಳಿ ಬರುತ್ತೇನೆ.

ಆ ದಿನದ ಕೆಲಸ

ಆಟಿಯ ಮುಂದಿನ ಸೋಣ ತಿಂಗಳಲ್ಲಿ ಗೃಹಪ್ರವೇಶ ಇಟ್ಟುಕೊಂಡಿದ್ದ ಮನೆಯೊಂದಕ್ಕೆ ಹಲಸಿನ ಮರದ ಬಾಗಿಲುಗಳನ್ನು ಕೊಡಬೇಕಾಗಿತ್ತು. ಒಂದೂಕಾಲು ಇಂಚು ದಪ್ಪದ, ಆರೂವರೆ ಅಡಿ ಉದ್ದದ ಹಲಗೆಯನ್ನು ಉದ್ದಕ್ಕೆ ಸೀಳಿ ಅಗಲ ಕಡಿಮೆ ಮಾಡುವುದು ಆಗಿನ ಕೆಲಸ. ಮರ ಕೊಯ್ದು ತಂದು ಬಹಳ ಕಾಲವಾಗಿರಲಿಲ್ಲ, ಮೇಲಾಗಿ ಮಳೆಗಾಲದ ತೇವ. ಇಂಥ ಹಲಗೆಯನ್ನು ಎಳೆಯ ಗುಂಟ ಸೀಳುವಾಗ ಒಳಗಿನ ಬಿಗುವು ಸಡಿಲಗೊಂಡು ಎರಡೂ ಪಾಲುಗಳು ಒಂದರ ಕಡೆಗೊಂದು ವಾಲುತ್ತವೆ, ಕೊಯ್ದ ಸೀಳು ಹಿಂದಿನಿಂದ ಮುಚ್ಚಿಕೊಳ್ಳುತ್ತ ಬರುತ್ತದೆ, ಬ್ಲೇಡು ನಡುವೆ ಸಿಕ್ಕಿಕೊಳ್ಳುತ್ತದೆ.

ಈ ಕೆಲಸಕ್ಕೆ ಸರಿಯಾದ ಯಂತ್ರ ಶೆಡ್ಡಿನಲ್ಲಿ ಇರಲೇ ಇಲ್ಲವೆಂದಲ್ಲ. ಏಳಿಂಚಿನ ಸರ್ಕ್ಯುಲರ್ ಸಾ (ಮರ ಕೊಯ್ಯುವ ಚಕ್ರಗರಗಸ) ಒಂದಿತ್ತು, ಆದರೆ ಮೂರು ದಿನದಿಂದ ಅದು ಮಣಿಪಾಲದ ಒಂದು ಫ್ಲ್ಯಾಟಿನ ವಾರ್ಡ್‌ರೋಬ್ ಕೆಲಸದಲ್ಲಿತ್ತು. ಉಳಿದಿದ್ದುದು ನಾಲ್ಕಿಂಚಿನ ಗ್ರೈಂಡರ್, ಅಂದರೆ ಕಬ್ಬಿಣ ತಿಕ್ಕುವ, ಕಡಿಯುವ ಕೈಯಂತ್ರ. ಅದಕ್ಕೆ ನಾಲ್ಕಿಂಚಿನ ಮರದ ಬ್ಲೇಡ್ ಹಾಕಿದರೆ ಯಂತ್ರದ ಗಿಯರ್ ಇರುವ ತಲೆ ಹಲಗೆಗೆ ತಾಗಿ ಒಂದು ಇಂಚಿನಷ್ಟೂ ಆಳಕ್ಕೆ ಇಳಿಯುವುದಿಲ್ಲ. ಒಂದೂಕಾಲು ಇಂಚಿನ ಹಲಗೆ ಸೀಳಲು ಐದಿಂಚಿನ ಬ್ಲೇಡೇ ಬೇಕು. ಐದಿಂಚಿನ ಬ್ಲೇಡ್ ಕೂರಬೇಕಾದರೆ ಬ್ಲೇಡನ್ನು ಮರೆಮಾಡುವ ರಕ್ಷಣಾ ಕವಚವನ್ನು, ಅಂದರೆ ಗಾರ್ಡನ್ನು, ತೆಗೆಯಲೇಬೇಕು. ಬ್ಲೇಡಿನ ನಡುವಿನ ತೂತು ದೊಡ್ಡದಾದ್ದರಿಂದ ಒಳಗೊಂದು ರಿಂಗ್ ಹಾಕಿ ಬಿಗಿದರು. ಪಕ್ಕದ ಹಿಡಿಕೆ ಹಲಗೆಗೆ ಒರೆಸುತ್ತಿತ್ತೆಂದು ಅದನ್ನೂ ಬಿಚ್ಚಿಟ್ಟರು. ಹೀಗೆ, ಒಂದು ಯಂತ್ರ ಊರಿನಾಚೆ ಇದ್ದ ಕಾರಣಕ್ಕೆ ಇನ್ನೊಂದು ಯಂತ್ರ ತನ್ನ ಗಾರ್ಡನ್ನೂ ಹಿಡಿಕೆಯನ್ನೂ ಕಳೆದುಕೊಂಡಿತು.

ಸುಮಾರು ನಾಲ್ಕು ಗಂಟೆಗೆ ಹಲಗೆಯ ಅರ್ಧಭಾಗ ಸೀಳಿ ಮುಗಿದಿತ್ತು. ಜೋರು ಗಾಳಿ ಬೀಸಿ ಕರೆಂಟ್ ಹೋಯಿತು. ಗ್ರೈಂಡರ್ ಸೀಳಿನ ಒಳಗೇ ನಿಂತಿತು, ಸೀಳು ಬ್ಲೇಡನ್ನು ಬಿಗಿಯಾಗಿ ಕಚ್ಚಿಕೊಂಡಿತು. ಯುವಕ ಯಂತ್ರವನ್ನು ಅಲ್ಲೇ ಬಿಟ್ಟು ಚಹಾ ಕುಡಿಯಲು ಹೋದನು. ಹತ್ತು ನಿಮಿಷದ ಬಳಿಕ ಬಂದು, ಕರೆಂಟ್ ಬರುವುದರೊಳಗೆ ಹಲಗೆಯನ್ನು ತಿರುಗಿಸಿ ಇನ್ನೊಂದು ತುದಿಯಿಂದ ಹಿಡಿಯೋಣವೆಂದು ಯಂತ್ರವನ್ನು ಸೀಳಿನಿಂದ ಬಿಡಿಸಲು ತೊಡಗಿದನು. ಬಲಗೈ ಯಂತ್ರದ ಮೈಮೇಲೆ, ಎಡಗೈ ಹಲಗೆಯ ಸಣ್ಣ ಪಾಲನ್ನು ಆಚೆ ತಳ್ಳಿ ಸೀಳನ್ನು ಅಗಲಿಸುತ್ತಿತ್ತು. ಬೆರಳುಗಳು ಬ್ಲೇಡಿನಿಂದ ಎರಡು ಮೂರು ಇಂಚು ದೂರದಲ್ಲಿದ್ದವು. ಸೀಳು ಅಗಲವಾಯಿತು, ಬ್ಲೇಡ್ ಸಡಿಲವಾಯಿತು, ಅದೇ ಹೊತ್ತಿಗೆ ಕರೆಂಟ್ ಬಂತು. ಗ್ರೈಂಡರಿನ ಸ್ವಿಚ್ ಆನ್ ಆಗಿಯೇ ಇತ್ತು. ಹಲ್ಲುಗಳು ಸೀಳಿನ ಅಂಚನ್ನು ಕಚ್ಚಿ, ಯಂತ್ರವೇ ಚಕ್ರದಂತೆ ಹಲಗೆಯ ಮೇಲೇರಿ ಎಡಗೈಯ ಮೇಲೆ ಹಾದುಹೋಯಿತು.

‘ಕರೆಂಟ್ ಇಲ್ಲ ಅಂತ ನನಗೆ ಗೊತ್ತಿತ್ತು ಸರ್, ಅದಕ್ಕೇ ಧೈರ್ಯದಲ್ಲಿ ಕೈ ಹಾಕಿದ್ದು’ ಎಂದು ಅವನು ಹೇಳಿದನು. ನಾನು ಕೇಳಿದ ಎಲ್ಲ ಮಾತುಗಳಲ್ಲಿ ಇದೇ ಅತಿ ಮುಖ್ಯವಾದುದು. ಸದ್ದಿಲ್ಲದ ಯಂತ್ರವನ್ನು ಅವನು ಸತ್ತ ಯಂತ್ರವೆಂದು ತಿಳಿದನು. ಯಂತ್ರ ನಿಂತದ್ದು ಅವನು ನಿಲ್ಲಿಸಿದ್ದರಿಂದಲ್ಲ ಎಂಬುದು ಆ ಹತ್ತು ನಿಮಿಷದಲ್ಲಿ ಮರೆತುಹೋಗಿತ್ತು.

ಗಾಯವಾದ ಮೇಲಿನ ಅರ್ಧ ಗಂಟೆ

ಈ ಪ್ರಕರಣದಲ್ಲಿ ಚೆನ್ನಾಗಿ ನಡೆದ ಸಂಗತಿಯೆಂದರೆ ಪ್ರಥಮ ಚಿಕಿತ್ಸೆ, ಅದಕ್ಕೆ ಕಾರಣ ನೆರೆಮನೆಯ ನಿವೃತ್ತ ನರ್ಸ್ ಒಬ್ಬರು. ಕೂಗು ಕೇಳಿ ಅವರು ಬರುವ ಹೊತ್ತಿಗೆ ಆಚಾರ್ಯರು ಅಳಿಯನ ಕೈಯನ್ನು ತಮ್ಮ ಬೈರಾಸಿನಿಂದ (ಹೆಗಲ ವಸ್ತ್ರದಿಂದ) ಸುತ್ತಿ ಹಿಡಿದಿದ್ದರು. ಹದಿನೆಂಟರ ಹುಡುಗ ಕತ್ತರಿಸಿಹೋದ ಬೆರಳ ತುದಿಯನ್ನು ಮರದ ಹುಡಿಯಿಂದ ಹೆಕ್ಕಿ, ರಸ್ತೆಯಲ್ಲಿ ನಿಂತಿದ್ದ ಮೀನಿನ ಗಾಡಿಯ ಮಂಜುಗಡ್ಡೆಯಲ್ಲಿ ಹೂತಿಡಲು ಓಡುತ್ತಿದ್ದನು. ಮಂಜುಗಡ್ಡೆಯಲ್ಲಿಟ್ಟರೆ ಕೆಡುವುದಿಲ್ಲವೆಂಬುದು ಕರಾವಳಿಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿರುವ ವಿಷಯ, ಹುಡುಗನ ಸಮಯಪ್ರಜ್ಞೆಯನ್ನು ನಾನು ಮೆಚ್ಚುತ್ತೇನೆ. ಆದರೆ ನೇರವಾಗಿ ಮಂಜುಗಡ್ಡೆಗೆ ತಾಗಿದ ಬೆರಳಿನ ಜೀವಕೋಶಗಳು ಹೆಪ್ಪುಗಟ್ಟಿ ಹಾಳಾಗುತ್ತವೆ. ಮೀನಿನ ಪೆಟ್ಟಿಗೆಯ ಕೊಳೆಯ ಮಾತಂತೂ ಬೇರೆಯೇ.

ನರ್ಸ್ ಅವನನ್ನು ತಡೆದು, ತುಣುಕನ್ನು ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆಸಿ, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಒಳಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನ ಪಾತ್ರೆಯಲ್ಲಿ ಇಡಿಸಿದರು. ಗಾಯದ ಮೇಲೆ ದಪ್ಪ ಬಟ್ಟೆಯಿಟ್ಟು ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆ ಎತ್ತಿಸಿ, ಬೇರೊಬ್ಬರ ಕಾರಿನಲ್ಲಿ ಆಸ್ಪತ್ರೆಗೆ ಕಳುಹಿಸಿದರು. ಬೆರಳಿನಲ್ಲಿ ಮಾಂಸಖಂಡ ಇಲ್ಲದಿರುವುದರಿಂದ, ಹೀಗೆ ತಂಪಾಗಿಟ್ಟ ಬೆರಳು ತೋಳು ಕಾಲಿನ ಭಾಗಗಳಿಗಿಂತ ಹೆಚ್ಚು ಹೊತ್ತು ಉಳಿಯಬಲ್ಲದು. ಆದ್ದರಿಂದ ಗಾಬರಿಯಿಂದ ತುಣುಕನ್ನು ಬಿಟ್ಟು ಓಡುವ ಅಗತ್ಯವಿಲ್ಲ.

ಆದರೂ ಆ ತುದಿಯನ್ನು ಮರುಜೋಡಿಸಲು ಆಗಲಿಲ್ಲ. ಕತ್ತಿಯಿಂದಾದ ಗಾಯಕ್ಕೂ ಗರಗಸದಿಂದಾದ ಗಾಯಕ್ಕೂ ಇರುವ ವ್ಯತ್ಯಾಸವನ್ನು ಶಸ್ತ್ರವೈದ್ಯರು ಆಚಾರ್ಯರಿಗೆ ವಿವರಿಸಿದ್ದರು. ಬ್ಲೇಡಿನ ಹಲ್ಲಿನ ಅಗಲದಷ್ಟು, ಅಂದರೆ ಸುಮಾರು ಎರಡು ಮಿಲಿಮೀಟರಿನಷ್ಟು ಮೂಳೆ ಮಾಂಸ ಹುಡಿಯಾಗಿ ಹಾರಿಹೋಗಿರುತ್ತದೆ, ಅದರ ಎರಡೂ ಬದಿಯ ರಕ್ತನಾಳಗಳು ಹರಿದು ಚಿಂದಿಯಾಗಿರುತ್ತವೆ. ಬೆರಳಿನ ಮೊಂಡನ್ನು ಮುಚ್ಚಿ ಹೊಲಿದರು. ನಡುಬೆರಳಿನ ಸ್ನಾಯುರಜ್ಜು ಜೋಡಿಸಿ ಆರು ವಾರ ಪಟ್ಟಿ ಕಟ್ಟಿದರು.

‘ಅಜಾಗ್ರತೆ’ ಎಂಬ ಉತ್ತರ ಏಕೆ ಸಾಲದು

ನಾನು ಹೋದ ದಿನ ಶೆಡ್ಡಿನಲ್ಲಿ ಎರಡು ಅಭಿಪ್ರಾಯಗಳಿದ್ದವು. ಗಾಯಗೊಂಡವನೇ ಅಜಾಗ್ರತೆ ಮಾಡಿದ ಎಂಬುದು ಒಂದು, ಗ್ರಹಚಾರ ಎಂಬುದು ಇನ್ನೊಂದು. ಯುವಕ ಸ್ವತಃ ಮೊದಲನೆಯದನ್ನು ಒಪ್ಪಿಕೊಂಡಿದ್ದನು, ಅವನ ತಾಯಿ ಎರಡನೆಯದನ್ನು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಮರುದಿನದ ಕೆಲಸದಲ್ಲಿ ಬದಲಾಯಿಸಬೇಕಾದದ್ದು ಏನೂ ಉಳಿಯುವುದಿಲ್ಲ. ಅದೇ ನನ್ನ ತಕರಾರು. ‘ಇನ್ನು ಮುಂದೆ ಜಾಗ್ರತೆ’ ಎಂಬ ನಿರ್ಧಾರ ಗಾಯದ ಹೊಲಿಗೆ ಬಿಚ್ಚುವವರೆಗೆ ನೆನಪಿರುತ್ತದೆ, ಮುಂದಿನ ಗೃಹಪ್ರವೇಶದ ಮುಹೂರ್ತ ಹತ್ತಿರ ಬರುವಾಗ ಕರಗಿಹೋಗುತ್ತದೆ. ನಾನು ನೋಡಿದ ಅವಘಡಗಳಲ್ಲಿ ಕೆಲಸಗಾರ ಮೂರ್ಖನಾಗಿದ್ದ ಉದಾಹರಣೆ ಬಹಳ ಕಡಿಮೆ. ಅವನ ಪ್ರತಿಯೊಂದು ಹೆಜ್ಜೆಗೂ ಆ ಕ್ಷಣಕ್ಕೆ ಸರಿಯೆನಿಸುವ ಕಾರಣವಿರುತ್ತದೆ, ಆ ಕಾರಣವನ್ನು ಹುಡುಕಿ ತೆಗೆಯದೆ ಹೆಜ್ಜೆಯನ್ನು ಮಾತ್ರ ಬೈದರೆ ಮುಂದಿನವನೂ ಅದೇ ಹೆಜ್ಜೆ ಇಡುತ್ತಾನೆ.

ಹಾಗಾಗಿ ‘ಗಾರ್ಡ್ ಯಾಕೆ ತೆಗೆದಿರಿ’ ಎಂದು ಗದರಿಸುವ ಬದಲು, ಗಾರ್ಡ್ ಇದ್ದರೆ ಯಾವ ಕೆಲಸ ನಿಲ್ಲುತ್ತಿತ್ತು ಎಂದು ಕೇಳಿದೆ. ಉತ್ತರ ಮೇಲೆ ಹೇಳಿದಂತೆ ಸ್ಪಷ್ಟವಾಗಿತ್ತು: ಹಲಗೆಯ ದಪ್ಪಕ್ಕೆ ನಾಲ್ಕಿಂಚಿನ ಬ್ಲೇಡ್ ಸಾಲದು. ಗಾರ್ಡು ಬಿಚ್ಚಿದ್ದು ರೋಗವಲ್ಲ, ರೋಗದ ಲಕ್ಷಣ. ತಪ್ಪು ಯಂತ್ರದಿಂದ ಕೆಲಸ ನಡೆಯುತ್ತಿದೆ ಎಂದು ಅದು ಮೊದಲೇ ಹೇಳುತ್ತಿತ್ತು.

ನಮ್ಮ ಜಿಲ್ಲೆಯ ಹೆಚ್ಚಿನ ಮರಗೆಲಸದ ಜಾಗಗಳಲ್ಲಿ ಕಾಣುವ ರೂಢಿ ಇದಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಗ್ರೈಂಡರ್ ಹುಟ್ಟಿದ್ದು ಕಬ್ಬಿಣ ತಿಕ್ಕುವುದಕ್ಕೆ, ಕಡಿಯುವುದಕ್ಕೆ. ಅದಕ್ಕೆ ಹಾಕುವ ಉಜ್ಜುಚಕ್ರದಲ್ಲಿ ಹಲ್ಲುಗಳಿಲ್ಲ, ಅದು ಲೋಹವನ್ನು ಸವೆಸುತ್ತದೆ. ಮರದ ಬ್ಲೇಡಿನ ಪ್ರತಿಯೊಂದು ಹಲ್ಲೂ ಕೊಕ್ಕೆಯಂತೆ ಮರವನ್ನು ಕಚ್ಚಿ ಎಳೆಯುತ್ತದೆ. ಸಿಕ್ಕಿಕೊಂಡರೆ, ಮರ ಅಲುಗಾಡದಿದ್ದಾಗ ಅಲುಗಾಡುವುದು ಯಂತ್ರವೇ. ಗ್ರೈಂಡರಿನ ಜೊತೆ ಬರುವ ಪುಸ್ತಿಕೆಗಳಲ್ಲಿ ಹಲ್ಲುಳ್ಳ ಗರಗಸದ ಬ್ಲೇಡನ್ನು ಜೋಡಿಸಬಾರದು, ಅದು ಪದೇಪದೇ ಹಿಂದಕ್ಕೆ ಒದೆದು ಹಿಡಿತ ತಪ್ಪಿಸುತ್ತದೆ ಎಂಬ ಎಚ್ಚರಿಕೆ ಸಾಮಾನ್ಯವಾಗಿ ಇರುತ್ತದೆ. ಈ ಶೆಡ್ಡಿನ ಗ್ರೈಂಡರಿನ ಪುಸ್ತಿಕೆಯೂ ಹಾಗೆಯೇ ಹೇಳುತ್ತಿತ್ತು, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಪೆಟ್ಟಿಗೆಯಿಂದ ಹೊರಗೆ ಬರದ ಹೊಸ ಕಾಗದವಾಗಿ.

ವೇಗದ ಲೆಕ್ಕವನ್ನೂ ಅವರ ಮುಂದೆಯೇ ಮಾಡಿದೆ. ಆ ಗ್ರೈಂಡರಿನ ತಟ್ಟೆಯ ಮೇಲೆ ನಿಮಿಷಕ್ಕೆ 11,000 ಸುತ್ತು ಎಂದಿತ್ತು. 100 ಮಿಲಿಮೀಟರಿನ, ಅಂದರೆ ನಾಲ್ಕಿಂಚಿನ ಚಕ್ರದ ಅಂಚು ಈ ವೇಗದಲ್ಲಿ ಸೆಕೆಂಡಿಗೆ ಸುಮಾರು 58 ಮೀಟರ್ ಓಡುತ್ತದೆ. 125 ಮಿಲಿಮೀಟರಿನ ಐದಿಂಚಿನ ಬ್ಲೇಡಿನ ಅಂಚು ಸೆಕೆಂಡಿಗೆ 72 ಮೀಟರ್, ಗಂಟೆಗೆ ಸುಮಾರು 260 ಕಿಲೋಮೀಟರ್. ಲೋಹ ಕಡಿಯುವ ಉಜ್ಜುಚಕ್ರಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರಿನ ಮಿತಿಗೆ ತಯಾರಿಸುತ್ತಾರೆ. ಅದಕ್ಕೇ ಅವುಗಳ ಮೇಲೆ ನಾಲ್ಕಿಂಚಿಗೆ 15,300, ಐದಿಂಚಿಗೆ 12,200, ಏಳಿಂಚಿಗೆ 8,500 ಎಂಬ ಗರಿಷ್ಠ ಸುತ್ತುಗಳು ಅಚ್ಚಾಗಿರುತ್ತವೆ. ಚಕ್ರ ದೊಡ್ಡದಾದಂತೆ ತಾಳುವ ಸುತ್ತು ಕಡಿಮೆಯಾಗುತ್ತದೆ ಎಂಬುದನ್ನು ಈ ಮೂರು ಸಂಖ್ಯೆಗಳಿಂದಲೇ ಕಲಿಸಬಹುದು. ಅವಘಡದ ಬ್ಲೇಡಿನ ಮೇಲಿನ ಅಚ್ಚು ಸವೆದು ಓದಲಾಗದಂತಾಗಿತ್ತು. ಅದು ಎಷ್ಟು ಸುತ್ತು ತಾಳುತ್ತದೆಂದು ಶೆಡ್ಡಿನಲ್ಲಿ ಯಾರಿಗೂ ತಿಳಿದಿರಲಿಲ್ಲ, ತಿಳಿಯುವ ದಾರಿಯೂ ಇರಲಿಲ್ಲ. ಓದಲಾಗದ ಬ್ಲೇಡನ್ನು ಬಳಸಬಾರದೆಂದು ಹೇಳಿ ಅದನ್ನು ಅಲ್ಲೇ ಬಾಗಿಸಿ ಗುಜರಿಗೆ ಹಾಕಿಸಿದೆ.

‘ಕೈ ಎಳೆದುಕೊಳ್ಳುತ್ತಿದ್ದೆ, ಸ್ವಲ್ಪದರಲ್ಲಿ ತಡವಾಯಿತು’ ಎಂದು ಯುವಕ ನೊಂದುಕೊಂಡಿದ್ದನು. ಅದನ್ನೂ ಲೆಕ್ಕದಿಂದಲೇ ಸಮಾಧಾನ ಮಾಡಬೇಕಾಯಿತು. ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಬೇಕು. ಪೂರ್ಣ ವೇಗದಲ್ಲಿರುವ ಆ ಬ್ಲೇಡ್ ಅಷ್ಟರಲ್ಲಿ 36 ಸುತ್ತು ಮುಗಿಸಿರುತ್ತದೆ. ಇಂಥ ಯಂತ್ರಗಳ ಬ್ರಷ್ ಮೋಟಾರು ನಿಂತಲ್ಲಿಂದ ಹೊರಡುವ ಗಳಿಗೆಯಲ್ಲೇ ತನ್ನ ಅತಿ ಹೆಚ್ಚಿನ ತಿರುಚುವ ಬಲವನ್ನು ತೋರಿಸುತ್ತದೆ, ಆ ಬಲವೇ ಯಂತ್ರವನ್ನು ಸೀಳಿನಿಂದ ಎತ್ತಿ ಒಗೆದದ್ದು. ಚುರುಕುತನದಿಂದ ಗೆಲ್ಲಬಹುದಾದ ಸ್ಪರ್ಧೆ ಇದಾಗಿರಲಿಲ್ಲ.

ಸ್ವಿಚ್ಚಿನ ವಿಷಯ

ಗಾರ್ಡ್ ಇದ್ದಿದ್ದರೆ ಗಾಯ ಕಡಿಮೆಯಾಗುತ್ತಿತ್ತೋ ಏನೋ. ಸ್ವಿಚ್ ಬೇರೆ ಬಗೆಯದಾಗಿದ್ದರೆ ಗಾಯವೇ ಆಗುತ್ತಿರಲಿಲ್ಲ. ಆ ಗ್ರೈಂಡರಿನದು ಮುಂದಕ್ಕೆ ಜಾರಿಸಿ ಒತ್ತಿದರೆ ಹಾಗೆಯೇ ನಿಂತುಬಿಡುವ ಸ್ವಿಚ್. ಗಂಟೆಗಟ್ಟಲೆ ಕಬ್ಬಿಣ ತಿಕ್ಕುವವನ ಬೆರಳಿಗೆ ಅದು ಆರಾಮ. ಆದರೆ ಕರೆಂಟ್ ಹೋದಾಗ ಅದು ತಾನಾಗಿ ಹಿಂದೆ ಸರಿಯುವುದಿಲ್ಲ. ಯಂತ್ರ ಸದ್ದು ಮಾಡುತ್ತಿದ್ದಾಗ ಆನ್ ಆಗಿದೆಯೆಂದು ಕಿವಿಯೇ ಹೇಳುತ್ತದೆ. ಸದ್ದು ನಿಂತ ಮೇಲೆ ಹೇಳಬೇಕಾದದ್ದು ಹುಡಿ ಮುಚ್ಚಿದ ಒಂದು ಸಣ್ಣ ಗುಬುಟು ಮಾತ್ರ.

ಇದನ್ನು ಆಚಾರ್ಯರಿಗೆ ಹೇಳುವಾಗ ನಾನು ಅವರ ಅಡಿಕೆ ತೋಟದ ಪಂಪನ್ನು ನೆನಪಿಸಿದೆ. ಪಂಪಿನ ಸ್ಟಾರ್ಟರಿಗೆ ಹಸಿರು ಮತ್ತು ಕೆಂಪು ಗುಂಡಿಗಳಿವೆ. ಕರೆಂಟ್ ಹೋಗಿ ಬಂದರೆ ಪಂಪು ತಾನಾಗಿ ಹೊರಡುವುದಿಲ್ಲ, ಯಾರಾದರೂ ಹೋಗಿ ಹಸಿರು ಗುಂಡಿ ಒತ್ತಬೇಕು. ಒಳಗಿರುವ ಸುರುಳಿಗೆ ಕರೆಂಟ್ ಇರುವವರೆಗೆ ಮಾತ್ರ ಅದು ಸಂಪರ್ಕವನ್ನು ಹಿಡಿದುಕೊಂಡಿರುತ್ತದೆ, ಕರೆಂಟ್ ಹೋದೊಡನೆ ಕೈಬಿಡುತ್ತದೆ, ಕೈಬಿಟ್ಟದ್ದನ್ನು ಮನುಷ್ಯನೇ ಮತ್ತೆ ಹಿಡಿಸಬೇಕು. ರಾತ್ರಿ ಎದ್ದು ಹೋಗುವ ತೊಂದರೆ ತಪ್ಪಿಸಲು ಎಷ್ಟೋ ಮಂದಿ ಅದಕ್ಕೆ ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ, ತೋಟದ ನೀರಿಗೆ ಅದು ಸರಿ. ‘ಹಾಗಾದರೆ ನಮ್ಮ ಗ್ರೈಂಡರಿಗೆ ಆಟೋ ಸ್ಟಾರ್ಟರ್ ಹಾಕಿದ ಹಾಗೆಯೇ ಆಯಿತಲ್ಲ ಮಾರಾಯ್ರೆ’ ಎಂದರು ಆಚಾರ್ಯರು. ಇಷ್ಟು ಸರಿಯಾಗಿ ನಾನೂ ಹೇಳಿರಲಿಲ್ಲ.

ಕೈ ಬಿಟ್ಟರೆ ನಿಲ್ಲುವ ಒತ್ತುಸ್ವಿಚ್ಚಿನ ಗ್ರೈಂಡರುಗಳೂ, ಕರೆಂಟ್ ಮರಳಿದಾಗ ಸ್ವಿಚ್ಚನ್ನು ಒಮ್ಮೆ ಆಫ್ ಮಾಡಿ ಆನ್ ಮಾಡುವವರೆಗೆ ಹೊರಡದ ಗ್ರೈಂಡರುಗಳೂ ಅಂಗಡಿಯಲ್ಲಿ ಸಿಗುತ್ತವೆ. ಮಳೆಗಾಲದಲ್ಲಿ ದಿನಕ್ಕೆ ಹಲವು ಬಾರಿ ಕರೆಂಟ್ ಹೋಗಿ ಬರುವ ನಮ್ಮಂಥ ಊರಿನಲ್ಲಿ, ಯಂತ್ರ ಕೊಳ್ಳುವಾಗ ವಾಟ್ ಎಷ್ಟು ಎಂದು ಕೇಳುವ ಮೊದಲು ಇದನ್ನು ಕೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಎತ್ತರದಲ್ಲಿದ್ದ ಬೋರ್ಡು

ಸ್ವಿಚ್ ಮರೆತರೂ ಪ್ಲಗ್ ಕಿತ್ತಿದ್ದರೆ ಸಾಕಿತ್ತು. ಬ್ಲೇಡಿಗೆ ಕೈ ಹಾಕುವ ಮೊದಲು ಪ್ಲಗ್ ತೆಗೆಯಬೇಕೆಂದು ಯುವಕನಿಗೆ ಗೊತ್ತಿತ್ತು, ಬ್ಲೇಡ್ ಬದಲಾಯಿಸುವಾಗ ಅವನು ಹಾಗೆ ಮಾಡುತ್ತಲೂ ಇದ್ದನು. ಆ ದಿನ ಯಾಕೆ ಮಾಡಲಿಲ್ಲವೆಂದು ಕೇಳಿದ್ದಕ್ಕೆ ಅವನು ಬಾಯಿಯಿಂದ ಉತ್ತರಿಸದೆ ನನ್ನನ್ನು ಹಲಗೆಯ ಬಳಿ ನಿಲ್ಲಿಸಿ ಬೋರ್ಡಿನ ಕಡೆಗೆ ಕೈ ತೋರಿಸಿದನು. ನಡುವೆ ನಿಲ್ಲಿಸಿಟ್ಟ ದಾರಂದಗಳು, ಕಿಟಕಿಯ ಚೌಕಟ್ಟುಗಳು. ಹನ್ನೆರಡು ಅಡಿ ದೂರ, ಕೊನೆಗೆ ಸ್ಟೂಲು ಹತ್ತಬೇಕು.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ. ಬೋರ್ಡನ್ನು ಎತ್ತರಕ್ಕೆ ಏರಿಸಿದ್ದು ಒಳ್ಳೆಯ ಮನಸ್ಸಿನಿಂದ, ಒಂದು ನಿಜವಾದ ಅಪಾಯವನ್ನು ತಪ್ಪಿಸಲು. ನೀರಿನಿಂದ ಕಾಪಾಡಿದ ಎತ್ತರವೇ ಪ್ಲಗ್ಗನ್ನು ಕೈಗೆಟುಕದಂತೆ ಮಾಡಿತು. ಒಂದು ಅಪಾಯಕ್ಕೆ ಕಂಡುಕೊಂಡ ಪರಿಹಾರ ಇನ್ನೊಂದಕ್ಕೆ ಬಾಗಿಲು ತೆರೆಯುತ್ತದೆಯೇ ಎಂದು ಕೇಳುವವರು ಆಗ ಯಾರೂ ಇರಲಿಲ್ಲ. ಅಂದ ಹಾಗೆ, ಆ ಆರ್‌ಸಿಸಿಬಿಯನ್ನು ಪರೀಕ್ಷಾ ಗುಂಡಿ ಒತ್ತಿ ನೋಡಿದೆ, ಸರಿಯಾಗಿ ಕೆಲಸ ಮಾಡುತ್ತಿತ್ತು. ಆದರೆ ಅದು ಶಾಕಿನಿಂದ ಕಾಪಾಡುತ್ತದೆಯೇ ಹೊರತು ತಿರುಗುವ ಬ್ಲೇಡಿನಿಂದಲ್ಲ. ಆಚಾರ್ಯರು ಅದನ್ನು ಸಕಲ ರಕ್ಷಣೆಯೆಂದು ನಂಬಿದ್ದರು.

ಮರೆತುಹೋದ ಬೆಣೆ

ಸೀಳು ಬ್ಲೇಡನ್ನು ಕಚ್ಚದಿದ್ದರೆ ಯಂತ್ರವನ್ನು ಬಿಡಿಸುವ ಸಂದರ್ಭವೇ ಬರುತ್ತಿರಲಿಲ್ಲ. ಇದರ ಮಾತು ಬಂದಾಗ ಆಚಾರ್ಯರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ತಂದೆಯ ಕಾಲದಲ್ಲಿ ಇಬ್ಬರು ಮೇಲೆ ಕೆಳಗೆ ನಿಂತು ದೊಡ್ಡ ಗರಗಸದಿಂದ ದಿಮ್ಮಿ ಕೊಯ್ಯುತ್ತಿದ್ದುದನ್ನು ವಿವರಿಸಿದರು. ಒಂದು ಗೇಣು ಕೊಯ್ದೊಡನೆ ಸೀಳಿನ ಬಾಯಿಗೆ ಮರದ ಬೆಣೆ ಹೊಡೆಯುತ್ತಿದ್ದರು, ಗರಗಸ ಮುಂದೆ ಹೋದಂತೆ ಬೆಣೆಯನ್ನೂ ಮುಂದಕ್ಕೆ ಸರಿಸುತ್ತಿದ್ದರು. ಕೈಗರಗಸ ಸಿಕ್ಕಿಕೊಂಡರೆ ತೋಳು ಸೋಲುತ್ತದೆ, ಅದಕ್ಕಾಗಿ ಬೆಣೆ. ಯಂತ್ರ ಬಂದ ಮೇಲೆ ತೋಳು ಸೋಲುವ ಪ್ರಶ್ನೆ ಉಳಿಯಲಿಲ್ಲ, ಬೆಣೆಯೂ ಉಳಿಯಲಿಲ್ಲ. ಕಾರ್ಖಾನೆಯ ಟೇಬಲ್ ಗರಗಸಗಳಲ್ಲಿ ಬ್ಲೇಡಿನ ಹಿಂದೆ ನಿಲ್ಲಿಸಿರುವ ತೆಳ್ಳನೆಯ ಉಕ್ಕಿನ ಪಟ್ಟಿ ಮಾಡುವುದು ಇದೇ ಬೆಣೆಯ ಕೆಲಸವನ್ನು, ಸೀಳು ಹಿಂದಿನಿಂದ ಮುಚ್ಚಿಕೊಳ್ಳದಂತೆ ತಡೆಯುವುದನ್ನು. ಅವರ ಮನೆತನಕ್ಕೆ ಮೂರು ತಲೆಮಾರಿನಿಂದ ಗೊತ್ತಿದ್ದ ಉಪಾಯ ಶೆಡ್ಡಿನಲ್ಲೇ ಇತ್ತು, ಎರಡು ಚೂರು ಹಲಸಿನ ಚೆಕ್ಕೆಯ ರೂಪದಲ್ಲಿ.

ಕೈಗವಸಿನ ಬಗ್ಗೆ ಒಂದು ಮಾತು. ಹತ್ತಿಯ ಕೈಗವಸು ಹಾಕಿದ್ದರೆ ಬೆರಳು ಉಳಿಯುತ್ತಿತ್ತೆಂದು ಪಾಲಿಶ್ ಕೆಲಸದವರು ವಾದಿಸಿದರು. ಉಳಿಯುತ್ತಿರಲಿಲ್ಲ. ತಿರುಗುವ ಹಲ್ಲಿಗೆ ನೂಲಿನ ಎಳೆ ಸಿಕ್ಕಿದರೆ ಅದು ಇಡೀ ಅಂಗೈಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮಣಿಕಟ್ಟಿನ ದಾರ, ಸಡಿಲ ತೋಳಿನ ಅಂಗಿ, ಜೋತುಬಿದ್ದ ಬೈರಾಸು ಇವುಗಳಿಗೂ ಇದೇ ಮಾತು ಸಲ್ಲುತ್ತದೆ.

ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಯಂತ್ರಗಳ ಅಪಾಯಕಾರಿ ಭಾಗಗಳಿಗೆ ಭದ್ರವಾದ ಬೇಲಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 21ನೆಯ ಕಲಮು ವಿಧಿಸಿತ್ತು. ಆದರೆ ವಿದ್ಯುತ್ ಬಳಸುವ ಜಾಗದಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸಗಾರರಿದ್ದರೆ ಮಾತ್ರ ಆ ಕಾಯ್ದೆಯ ಪ್ರಕಾರ ಅದು ಕಾರ್ಖಾನೆಯೆನಿಸುತ್ತಿತ್ತು. ನಾಲ್ಕು ಮಂದಿಯ ಶೆಡ್ಡು ಆ ಲೆಕ್ಕದ ಒಳಗೆ ಬರಲೇ ಇಲ್ಲ. ಹತ್ತನೆಯ ಕೆಲಸಗಾರನ ಬೆರಳಿಗೂ ನಾಲ್ಕನೆಯವನ ಬೆರಳಿಗೂ ಬ್ಲೇಡ್ ಭೇದ ಮಾಡುವುದಿಲ್ಲವೆಂಬುದು ನನ್ನ ನೋವು.

ಬದಲಾದದ್ದು, ಬದಲಾಗದೆ ಉಳಿದದ್ದು

ಮುಂದಿನ ಎರಡು ತಿಂಗಳಲ್ಲಿ ಶೆಡ್ಡಿನಲ್ಲಿ ಕೆಲವು ಕೆಲಸಗಳಾದವು. ಎಲೆಕ್ಟ್ರಿಷಿಯನ್ ಬೋರ್ಡಿನ ಮುಂದೆ ಪಂಪಿನ ಸ್ಟಾರ್ಟರಿನದೇ ತತ್ವದ ಒಂದು ಕಾಂಟ್ಯಾಕ್ಟರ್ ಜೋಡಿಸಿದನು, ಅದರ ಹಸಿರು ಮತ್ತು ಕೆಂಪು ಗುಂಡಿಗಳನ್ನು ಕೆಲಸದ ಮೇಜಿನ ಕಂಬಕ್ಕೆ ತಂದನು. ಕರೆಂಟ್ ಹೋದರೆ ಮೇಜಿನ ಎಲ್ಲ ಪ್ಲಗ್ಗುಗಳೂ ಸಾಯುತ್ತವೆ, ಹಸಿರು ಒತ್ತುವವರೆಗೆ ಜೀವ ಬರುವುದಿಲ್ಲ. ಇದಕ್ಕೆ ತಗಲಿದ ಖರ್ಚು ಒಂದು ಸಾಧಾರಣ ಗ್ರೈಂಡರಿನ ಬೆಲೆಯನ್ನು ಮೀರಲಿಲ್ಲ. ಪ್ಲಗ್ ಬೋರ್ಡು ಎದೆಯೆತ್ತರಕ್ಕೆ ಇಳಿದು, ಎರಚಲು ತಾಗದ ಮೂಲೆಯಲ್ಲಿ ಮುಚ್ಚಳವಿರುವ ಪೆಟ್ಟಿಗೆಯೊಳಗೆ ಕುಳಿತಿತು. ಎರಡನೆಯ ಸರ್ಕ್ಯುಲರ್ ಸಾ ಬಂತು. ಅದರ ಬ್ಲೇಡಿನ ಕೆಳಗಿನ ಗಾರ್ಡು ಸ್ಪ್ರಿಂಗಿನ ಬಲದಿಂದ ತಾನಾಗಿ ಮುಚ್ಚಿಕೊಳ್ಳುತ್ತದೆ, ಸ್ವಿಚ್ಚು ಬೆರಳು ಬಿಟ್ಟೊಡನೆ ಕಡಿಯುತ್ತದೆ. ಗ್ರೈಂಡರಿನ ಗಾರ್ಡನ್ನು ಮರಳಿ ಕೂರಿಸಿ, ಐದಿಂಚಿನ ಬ್ಲೇಡುಗಳನ್ನೆಲ್ಲ ಶೆಡ್ಡಿನಿಂದ ಹೊರಗೆ ಹಾಕಿದರು. ಬ್ಲೇಡೇ ಇಲ್ಲದಿದ್ದರೆ ಗಾರ್ಡ್ ತೆಗೆಯುವ ಕಾರಣವೂ ಇರುವುದಿಲ್ಲ ಎಂಬುದು ಆಚಾರ್ಯರ ಯುಕ್ತಿ, ಅದು ನನಗೆ ಬಹಳ ಹಿಡಿಸಿತು.

ಬಗೆಹರಿಯದೆ ಉಳಿದದ್ದು ಹೊರಗಿನ ಕೆಲಸ. ಕಟ್ಟುತ್ತಿರುವ ಮನೆಗಳಲ್ಲಿ ತಾತ್ಕಾಲಿಕ ಬೋರ್ಡಿನಿಂದ ತಂತಿ ಎಳೆದು ಕೆಲಸ ಮಾಡುವಾಗ ಶೆಡ್ಡಿನ ಕಾಂಟ್ಯಾಕ್ಟರ್ ಜೊತೆಗೆ ಬರುವುದಿಲ್ಲ. ಸಾಗಿಸಬಹುದಾದ ಪೆಟ್ಟಿಗೆಯಲ್ಲಿ ಅದನ್ನೇ ಜೋಡಿಸಿಕೊಳ್ಳಲು ಹೇಳಿದ್ದೇನೆ. ಡಿಸೆಂಬರಿನಲ್ಲಿ ನಾನು ಕೊನೆಯ ಬಾರಿ ಹೋದಾಗಲೂ ಅದು ಆಗಿರಲಿಲ್ಲ.

ಆ ದಿನ ಯುವಕ ಪುನಃ ಕೆಲಸದಲ್ಲಿದ್ದನು. ನಡುಬೆರಳು ಪೂರ್ತಿ ಮಡಚುವುದಿಲ್ಲ, ಉಳಿ ಹಿಡಿಯುವ ರೀತಿಯನ್ನು ಹೊಸದಾಗಿ ಕಲಿಯುತ್ತಿದ್ದಾನೆ. ಹದಿನೆಂಟರ ಹುಡುಗನಿಗೆ ಸರ್ಕ್ಯುಲರ್ ಸಾದ ಬ್ಲೇಡ್ ಬದಲಾಯಿಸಲು ತೋರಿಸಿಕೊಡುತ್ತಿದ್ದನು. ಮೊದಲು ಪ್ಲಗ್ ಕಿತ್ತು, ಅದರ ತುದಿಯನ್ನು ತಂದು ಹಲಗೆಯ ಮೇಲೆ, ಇಬ್ಬರ ಕಣ್ಣೆದುರಿಗೇ ಇರಿಸಿ, ಆಮೇಲೆ ಸ್ಪ್ಯಾನರ್ ಕೈಗೆತ್ತಿಕೊಂಡನು.